ತುಟಿಯ ತೂತು ಹಿಗ್ಗಿಸುವ ಮುನ್ನ

ಕಿವಿ, ಮೂಗು ಚುಚ್ಚಿಸಿಕೊಳ್ಳುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ರೂಢಿ. ಈಗ ನಗರಗಳ ಯುವಕ ಯುವತಿಯರಲ್ಲಿ ಕೆಲವರು ತುಟಿಯನ್ನೂ ಚುಚ್ಚಿಸಿಕೊಳ್ಳುತ್ತಿದ್ದಾರೆ. ಸ್ವಲ್ಪ ದಿನ ಕಳೆದ ಮೇಲೆ ಆ ತೂತನ್ನು ಹಿಗ್ಗಿಸಿ ದಪ್ಪನೆಯ ಆಭರಣ ತೊಡುವ ಆಸೆ ಹುಟ್ಟುತ್ತದೆ. 'ಕಿವಿಯ ಹಾಗೆಯೇ ಅಲ್ಲವೇ ಡಾಕ್ಟರೇ?' ಎಂದು ಕೇಳುವವರಿದ್ದಾರೆ. ಕಿವಿಯ ಹಾಲೆಯ ಹಿಂದೆ ಉಜ್ಜಲು ಏನೂ ಇಲ್ಲ. ತುಟಿಯ ಹಿಂದೆ ಹಲ್ಲು, ವಸಡುಗಳಿವೆ. ಮಾತು, ಊಟ, ನಗು ಎಂದು ತುಟಿ ದಿನವಿಡೀ ಅಲುಗಾಡುತ್ತದೆ. ಅದರ ಒಳಬದಿ ಸದಾ ಎಂಜಲಿನಲ್ಲಿ ನೆನೆದಿರುತ್ತದೆ. ಹಾಗಾಗಿ ಇಲ್ಲಿ ಹೆಚ್ಚಿನ ತಾಳ್ಮೆ ಬೇಕು.

ಎಷ್ಟು ದಿನ ಕಾಯಬೇಕು?

ಚುಚ್ಚಿದ ಜಾಗ ಮೊದಲಿಗೆ ಒಂದು ಗಾಯ. ಎರಡೂ ಬದಿಯಿಂದ ಹೊಸ ಚರ್ಮ ಬೆಳೆದು ತೂತಿನ ಒಳಗೋಡೆಯನ್ನು ಮುಚ್ಚಿದಾಗ ಅದು ಮಾಯುತ್ತದೆ. ಆರೆಂಟು ವಾರಗಳಲ್ಲಿ ಹೊರಗಿನಿಂದ ಮಾದಂತೆ ಕಂಡರೂ ಒಳಗಿನ ಚರ್ಮ ಗಟ್ಟಿಯಾಗಿರುವುದಿಲ್ಲ. ಕನಿಷ್ಠ ಆರು ತಿಂಗಳು ಕಳೆಯುವವರೆಗೆ ಹಿಗ್ಗಿಸುವ ಮಾತು ಬೇಡ.

'ಓಲೆ' ಎಂಬ ಪದವನ್ನೇ ನೋಡಿ. ತಾಳೆಗರಿಗೂ ಅದೇ ಹೆಸರು, ಕಿವಿಯ ಒಡವೆಗೂ ಅದೇ ಹೆಸರು. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿನಲ್ಲಿಟ್ಟರೆ ಅದು ತಾನೇ ಬಿಚ್ಚಿಕೊಳ್ಳುತ್ತಾ ಮೆಲ್ಲಗೆ ತೂತನ್ನು ಹಿಗ್ಗಿಸುತ್ತದೆ. ಇಥಿಯೋಪಿಯಾದ ಓಮೋ ಕಣಿವೆಯ ಮುರ್ಸಿ ಮಹಿಳೆಯರು ಕೆಳದುಟಿಯಲ್ಲಿ ಮಣ್ಣಿನ ಬಿಲ್ಲೆ ಧರಿಸುತ್ತಾರೆ. ಅವರೂ ಮೊದಲು ಸಣ್ಣ ಮರದ ಬೆಣೆಯಿಟ್ಟು, ಗಾಯ ಮಾದ ಮೇಲೆ ತಿಂಗಳುಗಟ್ಟಲೆ ಒಂದೊಂದೇ ಅಳತೆ ಏರಿಸುತ್ತಾರೆ. ಚರ್ಮ ಹಿಗ್ಗುವುದು ನಿಧಾನದಿಂದ. ಬಲ ಹಾಕಿದರೆ ಹರಿಯುತ್ತದೆ.

ಅಳತೆಯ ಲೆಕ್ಕ

ಈ ಆಭರಣಗಳ ದಪ್ಪವನ್ನು ತಂತಿಯಂತೆ ಗೇಜಿನಲ್ಲಿ ಹೇಳುತ್ತಾರೆ. ಸಂಖ್ಯೆ ಇಳಿದಂತೆ ದಪ್ಪ ಏರುತ್ತದೆ. 16 ಗೇಜ್ ಎಂದರೆ ಸುಮಾರು 1.2 ಮಿ.ಮೀ., 14 ಎಂದರೆ 1.6, 12 ಎಂದರೆ 2, 10 ಎಂದರೆ ಸುಮಾರು 2.4 ಮಿ.ಮೀ. ಮೊದಲು ಚುಚ್ಚುವುದು ಸಾಮಾನ್ಯವಾಗಿ 16 ಅಥವಾ 14ರಲ್ಲಿ. 1.2ರಿಂದ 1.6ಕ್ಕೆ ಹೋಗುವುದು ಕೂದಲೆಳೆಯಷ್ಟೇ ಎನಿಸಬಹುದು. ಆದರೆ ತೂತಿನ ಸುತ್ತಳತೆ ಮೂರನೇ ಒಂದರಷ್ಟು ಹೆಚ್ಚುತ್ತದೆ. ನೇರವಾಗಿ 2.4ಕ್ಕೆ ಹಾರಿದರೆ ಎರಡು ಪಟ್ಟು! ಆದ್ದರಿಂದ ಯಾವ ಅಳತೆಯನ್ನೂ ಬಿಟ್ಟು ಮುಂದೆ ಹೋಗಬಾರದು. ಪ್ರತಿ ಹಂತದ ನಡುವೆ ಎರಡು ಮೂರು ತಿಂಗಳಾದರೂ ಬಿಡುವಿರಲಿ.

ಕಡ್ಡಿಯ ಉದ್ದವೂ ಮುಖ್ಯ. ಹೊಸದಾಗಿ ಚುಚ್ಚಿದಾಗ ಬಾವಿಗೆ ಜಾಗವಿರಲೆಂದು ಉದ್ದನೆಯ ಕಡ್ಡಿ ಹಾಕುತ್ತಾರೆ. ಬಾವು ಇಳಿದ ಮೇಲೆ ಅದನ್ನು ಬದಲಿಸಿ ಗಿಡ್ಡದನ್ನು ಹಾಕಿಸಿಕೊಳ್ಳಬೇಕು. ಉದ್ದ ಹೆಚ್ಚಾದರೆ ಹಲ್ಲಿಗೆ ಬಡಿದು ಚಕ್ಕೆ ಏಳುತ್ತದೆ, ವಸಡು ಸವೆದು ಕೆಳಗಿಳಿಯುತ್ತದೆ. ಹೀಗೆ ಇಳಿದ ವಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ತೀರಾ ಗಿಡ್ಡವಾದರೆ ಬಿಲ್ಲೆ ತುಟಿಯೊಳಗೆ ಹೂತುಹೋಗುತ್ತದೆ. ಒಳಬದಿಗೆ ಚಪ್ಪಟೆಯಾದ, ನುಣುಪಾದ ಬಿಲ್ಲೆ ಇರಲಿ. ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ.

ಲೋಹದ ವಿಷಯದಲ್ಲಿ ಜಿಪುಣತನ ಸಲ್ಲದು. ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಇಡಲು ಬಳಸುವ ದರ್ಜೆಯ ಟೈಟಾನಿಯಂ ಅತ್ಯುತ್ತಮ. ಅಗ್ಗದ, ಲೇಪನವಿರುವ ಒಡವೆಗಳಲ್ಲಿ ಹೆಚ್ಚಾಗಿ ನಿಕ್ಕಲ್ ಇರುತ್ತದೆ. ಅದು ಒಗ್ಗದವರಿಗೆ ತುರಿಕೆ, ನೀರು ಸೋರುವಿಕೆ ಕಾಣಿಸುತ್ತದೆ.

ಹಿಗ್ಗಿಸುವಾಗ

ಬಿಸಿನೀರಿನ ಸ್ನಾನದ ನಂತರ ಚರ್ಮ ಮೆತ್ತಗಿರುತ್ತದೆ. ಕೈ ಸೋಪಿನಿಂದ ತೊಳೆದು, ಶುದ್ಧೀಕರಿಸಿದ ಆಭರಣಕ್ಕೆ ನೀರಿನಲ್ಲಿ ಕರಗುವ ಜಾರು ಜೆಲ್ ಸವರಿ ಮೆಲ್ಲಗೆ ತೂರಿಸಬೇಕು. ಬಲ ಹಾಕಬೇಕಾಗಿ ಬಂದರೆ, ನೋವಾದರೆ, ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ಹಳೆಯ ಅಳತೆಗೇ ಮರಳಿ. ಅನುಭವವಿರುವ, ಆಟೋಕ್ಲೇವ್ ಬಳಸುವವರಿಂದಲೇ ಮಾಡಿಸಿಕೊಳ್ಳುವುದು ಕ್ಷೇಮ. ಅಶುದ್ಧ ಉಪಕರಣಗಳಿಂದ ಹೆಪಟೈಟಿಸ್ ಬಿ, ಸಿ ಹಾಗೂ ಎಚ್‌ಐವಿ ಹರಡಬಹುದು. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಟೀ ಚಮಚ ಉಪ್ಪು ಬೆರೆಸಿ ಊಟವಾದ ಮೇಲೆ ಬಾಯಿ ಮುಕ್ಕಳಿಸಿ. ಅರಿಶಿನ, ಸ್ಪಿರಿಟ್ ಹಚ್ಚಬೇಡಿ. ಬೀಡಿ, ಸಿಗರೇಟು, ಗುಟ್ಕಾ ಗಾಯವನ್ನು ಮಾಯಗೊಡುವುದಿಲ್ಲ.

ಹೃದಯದ ಕವಾಟದ ತೊಂದರೆ, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು, ಗಾಯದ ಕಲೆ ಉಬ್ಬಿ ಗಂಟಾಗುವ ಪ್ರವೃತ್ತಿಯವರು ಈ ಗೋಜಿಗೆ ಹೋಗದಿರುವುದು ಒಳ್ಳೆಯದು.

ವೈದ್ಯರನ್ನು ಯಾವಾಗ ಕಾಣಬೇಕು?

ಜ್ವರ, ಕೀವು, ಹರಡುವ ಕೆಂಪು, ಹೆಚ್ಚುತ್ತಲೇ ಇರುವ ಬಾವು ಕಂಡರೆ ತಡಮಾಡಬೇಡಿ. ಮೇಲ್ದುಟಿಯ ರಕ್ತನಾಳಗಳಿಗೆ ಮೆದುಳಿನ ತಳದ ರಕ್ತನಾಳಗಳ ಸಂಪರ್ಕವಿರುವುದರಿಂದ, ಅಪರೂಪವಾದರೂ, ಅಲ್ಲಿನ ನಂಜು ಅಪಾಯಕಾರಿ. ನೀವಾಗಿಯೇ ಆಭರಣ ತೆಗೆದುಬಿಡಬೇಡಿ; ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ಬಾವಿನಿಂದ ಉಸಿರಾಡಲು, ನುಂಗಲು ಕಷ್ಟವಾದರೆ ನೇರ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಒಂದು ಮಾತು. ಸಣ್ಣ ತೂತು ಆಭರಣ ತೆಗೆದ ಮೇಲೆ ಬಹುಮಟ್ಟಿಗೆ ಕುಗ್ಗುತ್ತದೆ. ಹೆಚ್ಚು ಹಿಗ್ಗಿಸಿದ್ದು ಹಾಗೇ ಉಳಿಯುತ್ತದೆ. ಅದರಿಂದ ಎಂಜಲು, ಕುಡಿದ ನೀರು ಸೋರಬಹುದು. ಮುಚ್ಚಲು ಹೊಲಿಗೆ ಹಾಕಿಸಬೇಕು, ಕಲೆಯೂ ಉಳಿಯುತ್ತದೆ. ಪ್ರತಿ ಹಂತದಲ್ಲೂ ನಿಂತು, ಇಷ್ಟು ಸಾಕೇ ಎಂದು ಒಮ್ಮೆ ಕೇಳಿಕೊಳ್ಳಿ.