ಎರೆನಾಡಿನ ಮನೆಯಲ್ಲಿ ಕಡಲ ನೀರು

ಧಾರವಾಡ ಜಿಲ್ಲೆಗೆ ಸಮುದ್ರತೀರವಿಲ್ಲವಾದರೂ ಅಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಕಲಘಟಗಿ ಸೀಮೆಯ ನೀರು ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಲ್ಲಿ ಘಟ್ಟವಿಳಿದು ಅಂಕೋಲೆಯ ಬಳಿ ಅರಬ್ಬೀ ಸಮುದ್ರವನ್ನು ಮುಟ್ಟಿದರೆ, ಕುಂದಗೋಳ-ನವಲಗುಂದಗಳ ಎರೆಹೊಲಗಳ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೂ ಅಲ್ಲಿಂದ ಕೃಷ್ಣೆಗೂ ಹರಿದು ಬಂಗಾಳಕೊಲ್ಲಿಯನ್ನು ಕೂಡುತ್ತದೆ. ಕಾರವಾರ, ಅಂಕೋಲೆಗಳ ಮೀನು ಯಲ್ಲಾಪುರ-ಕಲಘಟಗಿ ಹಾದಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಘಟ್ಟ ಹತ್ತಿ ಬರುವುದೂ ಹೊಸತಲ್ಲ. ಆದರೆ ಕಡಲ ಮೀನನ್ನು ಜೀವಂತವಾಗಿ, ಅದರ ಬಣ್ಣ ಮತ್ತು ನಡವಳಿಕೆಗಳೊಡನೆ, ಅಣ್ಣಿಗೇರಿಯ ಅಥವಾ ನವಲಗುಂದದ ಮನೆಯ ಪಡಸಾಲೆಯಲ್ಲಿ ಇಟ್ಟುಕೊಳ್ಳಬೇಕೆಂದರೆ ಮೀನಿಗಿಂತ ಮೊದಲು ಅದರ ನೀರನ್ನು ತಯಾರಿಸಬೇಕಾಗುತ್ತದೆ. ಗಾಜು, ದೀಪ, ಪಂಪುಗಳೆಲ್ಲ ಈ ಕೆಲಸದಲ್ಲಿ ಎರಡನೆಯ ಸ್ಥಾನದವು.

ನವಲಗುಂದ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಸವಳು ನೀರೇ ಬರುವುದರಿಂದ, ಉಪ್ಪುನೀರಿನ ಮೀನಿಗೆ ಅದೇ ಸಾಕಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಾಲದು ಎಂಬುದಕ್ಕೆ ಕಾರಣ ಉಪ್ಪಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಒಳಗಿನ ಹೊಂದಾಣಿಕೆಯಲ್ಲಿದೆ. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದರಲ್ಲಿ ಬಹುಪಾಲು ಸೋಡಿಯಂ ಮತ್ತು ಕ್ಲೋರೈಡ್ ಆಗಿದ್ದು, ಉಳಿದಂತೆ ಸುಮಾರು 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, ತಲಾ 0.4 ಗ್ರಾಂನಷ್ಟು ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಇರುತ್ತವೆ. ನೀರು ಎಷ್ಟೇ ಉಪ್ಪಾಗಿರಲಿ, ಸಪ್ಪೆಯಾಗಿರಲಿ, ಈ ಮುಖ್ಯ ಲವಣಗಳ ಪರಸ್ಪರ ಅನುಪಾತ ಎಲ್ಲ ಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂಬ ಮಾತನ್ನು 1819ರಲ್ಲಿ ಅಲೆಕ್ಸಾಂಡರ್ ಮಾರ್ಸೆ ಹೇಳಿದ್ದನು. ಚಾಲೆಂಜರ್ ಹಡಗು ಲೋಕದ ಸಮುದ್ರಗಳಿಂದ ತಂದ 77 ಮಾದರಿಗಳನ್ನು ಪರೀಕ್ಷಿಸಿದ ವಿಲಿಯಂ ಡಿಟ್ಮಾರ್ 1884ರಲ್ಲಿ ಅದನ್ನು ದೃಢಪಡಿಸಿದನು. ಕಡಲ ಜೀವಿಗಳ ದೇಹ ಈ ಅನುಪಾತಕ್ಕೇ ಒಗ್ಗಿಕೊಂಡು ಬೆಳೆದದ್ದು. ಎರೆಭೂಮಿಯ ಸವಳಿಗೆ ಆ ಅನುಪಾತವಿಲ್ಲ. ಅದು ಮಣ್ಣು ಮತ್ತು ಕಲ್ಲಿನಿಂದ ಬಸಿದು ಬಂದದ್ದಾದ್ದರಿಂದ ಬಾವಿಯಿಂದ ಬಾವಿಗೆ ಬದಲಾಗುತ್ತದೆ, ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟ್ ಕೂಡ ಅದರಲ್ಲಿ ಸೇರಿರಬಹುದು. ಅಡುಗೆಯ ಉಪ್ಪನ್ನು ನೀರಿಗೆ ಹಾಕಿದರೂ ಫಲವಿಲ್ಲ, ಏಕೆಂದರೆ ಅದು ಬಹುತೇಕ ಬರೀ ಸೋಡಿಯಂ ಕ್ಲೋರೈಡ್.

ಆದ್ದರಿಂದ ಇಲ್ಲಿ ಕಡಲ ನೀರನ್ನು ಮಾಡುವುದು ಎರಡು ಹಂತದ ಕೆಲಸ: ಮೊದಲು ನೀರಿನಲ್ಲಿದ್ದ ಉಪ್ಪನ್ನೆಲ್ಲ ತೆಗೆಯುವುದು, ಅನಂತರ ಸರಿಯಾದ ಉಪ್ಪನ್ನು ಕೂಡಿಸುವುದು. ಮೊದಲ ಹಂತಕ್ಕೆ ಬೇಕಾದ ತಂತ್ರ ಹಳ್ಳಿಗಳಿಗೆ ಈಗಾಗಲೇ ಬಂದಿದೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವ ಆರ್‌ಒ ಯಂತ್ರ, ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ನೀರನ್ನು ಒತ್ತಡದಿಂದ ದೂಡಿ ಲವಣಗಳನ್ನು ಹಿಂದುಳಿಸುತ್ತದೆ. ಆದರೆ ಕುಡಿಯುವವರ ರುಚಿಗಾಗಿ ಆ ನೀರಿನಲ್ಲಿ ಒಂದಿಷ್ಟು ಲವಣವನ್ನು ಉಳಿಸಿರುತ್ತಾರೆ; ಅಕ್ವೇರಿಯಂಗೆ ಬೇಕಾದದ್ದು ಟಿಡಿಎಸ್, ಎಂದರೆ ಕರಗಿದ ಒಟ್ಟು ಘನವಸ್ತು, ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆಯಿರುವ ನೀರು. ಘಟಕದ ನೀರನ್ನು ಮನೆಯಲ್ಲಿ ಇನ್ನೊಮ್ಮೆ ಸಣ್ಣ ಆರ್‌ಒ ಪೊರೆಯಿಂದ, ಅಥವಾ ಉಳಿದ ಅಯಾನುಗಳನ್ನು ಹೀರುವ ರಾಳದ ಕೊಳವೆಯಿಂದ ಹಾಯಿಸಿದರೆ ಆ ಮಟ್ಟ ಸಿಗುತ್ತದೆ. ಮುಂಗಾರಿನ ಮೊದಲ ಕೆಲವು ಮಳೆಗಳು ತಾರಸಿಯನ್ನು ತೊಳೆದ ಮೇಲೆ ಹಿಡಿದ ಮಳೆನೀರು ಇದಕ್ಕಿಂತ ಅಗ್ಗದ ದಾರಿ, ಸೋಸಿ ಟಿಡಿಎಸ್ ಅಳೆದು ನೋಡಿದರೆ ಸಾಕು.

ಎರಡನೆಯ ಹಂತಕ್ಕೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕೃತಕ ಸಮುದ್ರಲವಣ ಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ 255 ಲೀಟರ್ ಹಿಡಿಸುತ್ತದೆ. ಕಲ್ಲು ಮತ್ತು ಮೇಲಿನ ತೆರವನ್ನು ಕಳೆದು 220 ಲೀಟರ್ ನೀರೆಂದು ಲೆಕ್ಕ ಹಿಡಿದರೆ ಸುಮಾರು 8 ಕಿಲೋ ಲವಣ ಸಾಕಾಗುತ್ತದೆ. ಲವಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಲವಣದ ಮೇಲೆ ನೀರು ಸುರಿಯಬಾರದು; ಹಾಗೆ ಮಾಡಿದರೆ ಕ್ಯಾಲ್ಸಿಯಂ ಬಿಳಿಯ ಸುಣ್ಣವಾಗಿ ತಳಕ್ಕಿಳಿದು ವ್ಯರ್ಥವಾಗುತ್ತದೆ. ಕಲಸುವುದಕ್ಕೆ ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆಗಳನ್ನು ಮುಟ್ಟಲೇಬಾರದು, ಏಕೆಂದರೆ ಉಪ್ಪುನೀರಿಗೆ ಬಿಟ್ಟುಕೊಂಡ ತಾಮ್ರ ಸಿಗಡಿ, ಶಂಖದಹುಳುಗಳಂಥ ಬೆನ್ನುಮೂಳೆಯಿಲ್ಲದ ಜೀವಿಗಳನ್ನು ಕೊಲ್ಲುತ್ತದೆ. ಹೊಲದ ಔಷಧಿಯ ಡಬ್ಬಿಗಳ ಮಾತಂತೂ ಬೇಡವೇ ಬೇಡ. ಒಂದು ದಿನ ಪಂಪಿನಿಂದ ತಿರುಗಿಸಿದ ನೀರಿನ ಸಾಪೇಕ್ಷ ಸಾಂದ್ರತೆ, ಎಂದರೆ ಶುದ್ಧ ನೀರಿಗೆ ಹೋಲಿಸಿದ ಅದರ ಭಾರ, 1.025ರ ಆಸುಪಾಸಿನಲ್ಲಿದ್ದರೆ ಅದು ಸಿದ್ಧವಾದಂತೆ. ಕಾರವಾರದಿಂದಲೇ ನೀರು ತರುವ ಆಸೆ ಕೆಲವರಿಗೆ ಬರಬಹುದಾದರೂ, ಮಳೆಗಾಲದಲ್ಲಿ ಕಾಳಿ ಮತ್ತು ಗಂಗಾವಳಿ ಹೊತ್ತು ತರುವ ಕೆಸರುಗೂಡಿದ ಸಿಹಿನೀರು ದಂಡೆಯ ನೀರನ್ನು ಸಪ್ಪೆಯಾಗಿಸುತ್ತದೆ. 220 ಲೀಟರನ್ನು ಘಟ್ಟ ಹತ್ತಿಸುವುದಕ್ಕಿಂತ 8 ಕಿಲೋ ಲವಣದ ಚೀಲ ತರುವುದು ಹಗುರ.

ತೊಟ್ಟಿಯ ವಿಷಯದಲ್ಲಿ ಮರೆಯಬಾರದ್ದು ಭಾರ. ನೀರು, ಗಾಜು, ಕಲ್ಲು ಸೇರಿ 300 ಕಿಲೋ ಮೀರುವ ಈ ವಸ್ತುವನ್ನು ಮಾಳಿಗೆಯ ಮೇಲೆ ಇಡುವಂತಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ನೆಲ ವಾಲುವುದರಿಂದ, ಸ್ಟ್ಯಾಂಡಿನ ಮಟ್ಟವನ್ನು ಕಾಲಕಾಲಕ್ಕೆ ನೋಡಿ ಗಾಜಿನಡಿ ಥರ್ಮೋಕೋಲ್ ಹಾಸುವುದು ಒಳ್ಳೆಯದು. ಇದೇ ಊರುಗಳ ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳು ಮಾತ್ರ ಇನ್ನೊಂದು ಕಾರಣಕ್ಕೆ ಆರ್‌ಸಿಸಿ ಮನೆಗಳಿಗಿಂತ ಮೇಲು: ಹವಳದಿಬ್ಬದ ಮೀನಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತವಾಗಿದ್ದು, ಏಪ್ರಿಲ್‌ನ ಬಿಸಿಲಿನಲ್ಲಿ ಒಳಗನ್ನು ತಂಪಾಗಿಡುವುದು ಆ ಗೋಡೆಗಳೇ. ಉಳಿದ ಒಂದೆರಡು ಡಿಗ್ರಿಯನ್ನು ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಇಳಿಸಬಲ್ಲದು. ಹಾಗೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ; ಆದ್ದರಿಂದ ದಿನವೂ ತಗ್ಗಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕೆಂಬುದನ್ನು ಹೊಸಬರು ತಿಳಿಯದೆ ಉಪ್ಪುನೀರನ್ನೇ ಹಾಕುತ್ತ ಹೋಗಿ ತೊಟ್ಟಿಯನ್ನು ಕೆಡಿಸುತ್ತಾರೆ.

ಕರೆಂಟ್ ಹೋದಾಗ ಬರುವ ಸಂಕಟ ಇದಕ್ಕಿಂತ ದೊಡ್ಡದು, ಏಕೆಂದರೆ ಪಂಪು ನಿಂತರೆ ಆಮ್ಲಜನಕ ನೀರಿಗೆ ಬೆರೆಯುವುದೂ ಬಹುಮಟ್ಟಿಗೆ ನಿಲ್ಲುತ್ತದೆ, ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಬ್ಯಾಟರಿಯ ಗಾಳಿಪಂಪೊಂದು ಕೈಗೆ ಸಿಗುವಂತಿರಬೇಕು. ಅದೂ ಕೈಕೊಟ್ಟರೆ ವಿದ್ಯುತ್ತಿಲ್ಲದ ಕಾಲದ ಒಂದು ಉಪಾಯವಿದೆ: 1846ರಲ್ಲಿ ಇಂಗ್ಲೆಂಡಿನ ಟಾರ್ಕಿಯ ಕಡಲಿನಿಂದ ಲಂಡನ್ನಿಗೆ ಹವಳಗಳನ್ನು ತಂದು ಸಾಕಿದ ಆನಾ ಥಿನ್, ಕೆಲಸದಾಕೆಯಿಂದ ತೆರೆದ ಕಿಟಕಿಯ ಮುಂದೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತರದಿಂದ ಸುರಿಸಿ ಗಾಳಿ ಬೆರೆಸುತ್ತಿದ್ದಳು. ಸ್ಟೀಲಿನ ತಂಬಿಗೆಯಿಂದ ಅದೇ ಕೆಲಸವನ್ನು ಇಂದಿಗೂ ಮಾಡಬಹುದು.

ನೀರು ಸಿದ್ಧವಾದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೇಲು ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಸಣ್ಣ ಗುಳ್ಳೆಗಳ ನೊರೆಗೆ ಕೊಳೆಯನ್ನು ಅಂಟಿಸಿ ಹೊರಗೆ ತೆಗೆಯುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣವಾಗಿಯೇ ಉಳಿಯುವುದರಿಂದ ಇದು ಸಿಹಿನೀರಿನ ತೊಟ್ಟಿಗಳಲ್ಲಿ ಕಾಣಸಿಗುವುದಿಲ್ಲ.

ವಿದೇಶಿ ಪುಸ್ತಕಗಳು ಬ್ಯಾಕ್ಟೀರಿಯಾಗಳಿಗಾಗಿ ಹವಳದಿಬ್ಬದಿಂದ ತೆಗೆದ ಜೀವಂತ ಕಲ್ಲನ್ನು ಹೇಳುತ್ತವೆ. ಭಾರತದಲ್ಲಿ ಇದು ಕಾನೂನಿನ ಪ್ರಶ್ನೆ: ದಿಬ್ಬ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು, ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯನ್ನು 2001ರಿಂದ ಪಡೆದಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳ ಮುಳುಗಿ ನೋಡುವುದಕ್ಕೇ ಹೊರತು ಮುರಿದು ತರುವುದಕ್ಕಲ್ಲ. ರಂಧ್ರಗಳುಳ್ಳ ಸೆರಾಮಿಕ್ ಕಲ್ಲು ಅದೇ ಕೆಲಸವನ್ನು ಸ್ವಲ್ಪ ನಿಧಾನವಾಗಿ ಮಾಡುತ್ತದೆ, ಹವಳವಿಲ್ಲದೆ ಮೀನು ಮಾತ್ರವಿರುವ ತೊಟ್ಟಿಯೇ ಇಲ್ಲಿಯವರಿಗೆ ವಿವೇಕದ ಆಯ್ಕೆ. ಮೀನನ್ನೂ ಮರಿಮಾಡಿ ಬೆಳೆಸಿದ್ದನ್ನೇ ಕೇಳಿ ಕೊಳ್ಳಬೇಕು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನು ಮತ್ತು ಡ್ಯಾಮ್ಸೆಲ್ ಮೀನುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಇವು ಪುಡಿ ಆಹಾರಕ್ಕೆ ಮೊದಲೇ ಒಗ್ಗಿರುತ್ತವೆ. ಸಮುದ್ರದಿಂದ ಹಿಡಿದು ತಂದವುಗಳಲ್ಲಿ ಅನೇಕವು ಆಹಾರ ಮುಟ್ಟದೆ ಸಾಯುತ್ತವೆ. 220 ಲೀಟರಿಗೆ ಒಂದು ಜೋಡಿ ಕ್ಲೌನ್ ಮೀನು, ಮತ್ತೆರಡು ಸಣ್ಣ ಮೀನು ಸಾಕು.

ನೈಟ್ರೇಟ್ ತಗ್ಗಿಸಲು ಹದಿನೈದು ದಿನಕ್ಕೊಮ್ಮೆ 25 ಲೀಟರಿನಷ್ಟು ನೀರನ್ನು ಬದಲಿಸುವಾಗ ಹೊರಬರುವ ಉಪ್ಪು ಒಂದು ಕಿಲೋಗೆ ಸಮೀಪ. ಕಾಲುವೆ ನೀರಾವರಿಯಿಂದ ಸವಳು-ಜವಳಿನ ಕಷ್ಟವನ್ನು ಕಂಡ ಮಲಪ್ರಭಾ ಪ್ರದೇಶದಲ್ಲಿ ಅದನ್ನು ಹಿತ್ತಲಿನ ಕರಿಬೇವಿಗೆ ಅಥವಾ ಹೊಲದ ಬದುವಿಗೆ ಚೆಲ್ಲುವಂತಿಲ್ಲ, ಏಕೆಂದರೆ ಸೋಡಿಯಂ ಸೇರಿದ ಎರೆಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗಿಟ್ಟು ನೀರನ್ನು ಆರಿಸಿ, ಉಳಿದ ಉಪ್ಪನ್ನು ಕಸದೊಡನೆ ಕೊಡುವುದು ಮಳೆಗಾಲವನ್ನು ಬಿಟ್ಟರೆ ಸಾಧ್ಯವಾದ ದಾರಿ. ಮಳೆಗಾಲದಲ್ಲಿ ಅದನ್ನು ಡ್ರಮ್ಮಿನಲ್ಲಿ ಕೂಡಿಡಬೇಕಾಗುತ್ತದೆ.