ತೊಳೆದ ಮೇಲೆ ಗಾಡಿ ಏಕೆ ಮುನಿಸಿಕೊಳ್ಳುತ್ತದೆ?

ಖಂಡೇನವಮಿ ಬಂತೆಂದರೆ ನಮ್ಮ ಕಡೆ ನೇಗಿಲು, ಕುಡಗೋಲು, ಮಗ್ಗ, ಮೋಟಾರು ಎಲ್ಲದಕ್ಕೂ ಪೂಜೆ. ಇಚಲಕರಂಜಿಯಲ್ಲಿ ಪವರ್‌ಲೂಮಿಗೆ ಹೂವು ಏರುತ್ತದೆ, ಗಡಹಿಂಗ್ಲಜದ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಕುಂಕುಮ ಬೀಳುತ್ತದೆ. ಕಾರು ಇದ್ದವರು ಹಿಂದಿನ ದಿನವೇ ಅದನ್ನು ತೊಳೆಯುತ್ತಾರೆ. ಮೈ ತೊಳೆದ ಕೈ ಸುಮ್ಮನಿರುವುದಿಲ್ಲ. ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪು ಹಿಡಿಯುತ್ತದೆ. ಮರುದಿನ ಪೂಜೆ ಮುಗಿಸಿ ಕೀಲಿ ತಿರುವಿದರೆ ಗಾಡಿ ನಡುಗುತ್ತದೆ, ಇಲ್ಲವೇ ಉಸಿರೇ ಎತ್ತುವುದಿಲ್ಲ. ಅದೇ ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದು ಕೊಲ್ಹಾಪುರದ ದವಾಖಾನೆಗೆ ಓಡಬೇಕಾದರೆ ಏನು ಗತಿ? ಆದ್ದರಿಂದ ಇಂಥ ಗಾಡಿಯ ರೋಗವನ್ನು ಗುರುತಿಸುವುದು ಹೇಗೆಂದು ಇಂದು ತಿಳಿದುಕೊಳ್ಳೋಣ.

ಮೊದಲು ಕಾರಣ ನೋಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಕಾಯಿಲ್ ಹಲವು ಸಾವಿರ ವೋಲ್ಟಿನ ವಿದ್ಯುತ್ತನ್ನು ತಯಾರಿಸುತ್ತದೆ. ಅದು ಪ್ಲಗ್ಗಿನ ತುದಿಯಲ್ಲಿರುವ ಸಣ್ಣ ಸಂದನ್ನು ಜಿಗಿಯಬೇಕು. ಅಪ್ಪಟ ಶುದ್ಧ ನೀರಿನಲ್ಲಿ ವಿದ್ಯುತ್ ಬಹಳ ಕಡಿಮೆ ಹರಿಯುತ್ತದೆ. ಆದರೆ ನಮ್ಮ ಬಾವಿ, ಬೋರಿನ ನೀರಿನಲ್ಲಿ ಲವಣ ಕರಗಿರುತ್ತದೆ. ಅದಕ್ಕೆ ಸೋಪಿನ ಪುಡಿ, ಕೆಸರು ಸೇರಿದರೆ ವಿದ್ಯುತ್ತಿಗೆ ಅದೇ ದಾರಿಯಾಗುತ್ತದೆ. ಸಂದು ಜಿಗಿಯುವ ಬದಲು ಒದ್ದೆಯ ಮೇಲೆ ಹರಿದು ಎಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತದೆ. ಕಿಡಿ ಇಲ್ಲ, ಉರಿ ಇಲ್ಲ. ಒಂದು ಸಿಲಿಂಡರು ಕೆಲಸ ಬಿಡುತ್ತದೆ. ಇದನ್ನೇ ನಮ್ಮ ಮಿಸ್ತ್ರಿಗಳು ಮರಾಠಿಯಲ್ಲಿ ‘ಗಾಡೀ ಮಿಸಿಂಗ್ ಮಾರತೇ’ ಎನ್ನುವುದು.

ಈಗ ಲಕ್ಷಣಗಳಿಗೆ ಬರೋಣ. ಕೀಲಿಯನ್ನು ಒಂದೇ ಸಲ ತಿರುವಿ, ಕಿವಿಗೊಟ್ಟು ಕೇಳಿ.

ಒಂದು: ಸದ್ದೇ ಇಲ್ಲ, ಅಥವಾ ಬರೀ ‘ಟಕ್’ ಎನ್ನುತ್ತದೆ. ಆಗ ಬ್ಯಾಟರಿಯ ತಂತಿ ಸಡಿಲವಾಗಿದೆಯೇ ನೋಡಿ. ಫ್ಯೂಜ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೀರು ನಿಂತಿದೆಯೇ ಪರೀಕ್ಷಿಸಿ. ಮುಟ್ಟುವ ಮೊದಲು ಬ್ಯಾಟರಿಯ ಋಣ ತಂತಿ ಬಿಚ್ಚಿರಿ.

ಎರಡು: ಅರ್ಧ ಸುತ್ತು ತಿರುಗಿ ‘ಧಡ್’ ಎಂದು ನಿಲ್ಲುತ್ತದೆ. ಇಲ್ಲಿ ಕೈ ತೆಗೆಯಿರಿ, ಇನ್ನೊಮ್ಮೆ ತಿರುವಲೇಬೇಡಿ. ಗಾಳಿಯ ದಾರಿಯಿಂದ ಸಿಲಿಂಡರಿಗೆ ನೀರು ಇಳಿದಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಬಹಳ ನೀರು ಬೇಕೆಂದು ತಿಳಿಯಬೇಡಿ. ಹಳೆಯ ಮಾರುತಿ 800ರ ಎಂಜಿನ್ 796 ಸಿಸಿ, ಸಿಲಿಂಡರು ಮೂರು. ಅಂದರೆ ಒಂದಕ್ಕೆ ಸುಮಾರು 265 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 35 ಸಿಸಿ, ಎರಡು-ಮೂರು ದೊಡ್ಡ ಚಮಚದಷ್ಟು. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಇನ್ನೂ ಹೆಚ್ಚು. ಅಷ್ಟೇ ಗಾತ್ರದ ಸಿಲಿಂಡರಿನಲ್ಲಿ ಉಳಿಯುವ ಜಾಗ ಇನ್ನೂ ಕಡಿಮೆ. ಮಿಸ್ತ್ರಿಯನ್ನು ಕರೆಸಿ, ಪ್ಲಗ್ಗು ಅಥವಾ ಇಂಜೆಕ್ಟರು ಬಿಚ್ಚಿಸಿ ನೀರು ಹೊರಹಾಕಿಸುವುದೊಂದೇ ದಾರಿ.

ಮೂರು: ಎಂಜಿನ್ ಸರಾಗವಾಗಿ ತಿರುಗುತ್ತದೆ, ಆದರೆ ಹತ್ತುವುದಿಲ್ಲ. ಹಳೆಯ ಗಾಡಿಯಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ಒಣ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಅಷ್ಟರಿಂದಲೇ ಹತ್ತುತ್ತದೆ. ಹೊಸ ಗಾಡಿಯಲ್ಲಿ ಕಾಯಿಲ್ ಮತ್ತು ಸೆನ್ಸರುಗಳ ಜೋಡಣೆಗಳನ್ನು ಬಿಚ್ಚಿ ಒಣಗಿಸಿ.

ನಾಲ್ಕು: ಹತ್ತುತ್ತದೆ, ಆದರೆ ನಡುಗುತ್ತದೆ. ಇದೇ ಮಿಸಿಂಗ್. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ಗು ಕೂರುವ ಗುಂಡಿಯೊಳಗೆ ನೀರು ನಿಂತಿರುತ್ತದೆ. ಎಂಜಿನ್ ನಿಲ್ಲಿಸಿ, ಆರಲು ಬಿಡಿ. ಕಾಯಿಲನ್ನು ಮೇಲಕ್ಕೆತ್ತಿ ಗುಂಡಿಗೆ ಗಾಳಿ ಊದಿ. ಗುಂಡಿ ಒಣಗುವ ಮೊದಲು ಪ್ಲಗ್ಗು ಬಿಚ್ಚಿದರೆ ಆ ನೀರು, ಕೆಸರು ನೇರ ಸಿಲಿಂಡರಿಗೆ ಬೀಳುತ್ತದೆ. ನೆನಪಿರಲಿ: ಮೊದಲು ಗಾಳಿ, ಆಮೇಲೆ ಪಾನಾ.

ಯಾವ ಸಿಲಿಂಡರು ಸತ್ತಿದೆ ಎಂದು ತಿಳಿಯಬೇಕೇ? ಎಂಜಿನ್ ನಿಲ್ಲಿಸಿ ಒಂದು ಕಾಯಿಲಿನ ಜೋಡಣೆ ಬಿಚ್ಚಿ, ಮತ್ತೆ ಕೆಲವೇ ಕ್ಷಣ ಓಡಿಸಿ ನೋಡಿ. ನಡುಕ ಹೆಚ್ಚಿದರೆ ಅದು ದುಡಿಯುತ್ತಿದ್ದ ಸಿಲಿಂಡರು. ವ್ಯತ್ಯಾಸವೇ ಆಗದಿದ್ದರೆ ಕಳ್ಳ ಸಿಕ್ಕಿದ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಇದ್ದರೆ ಪಿ0301 ಎಂದರೆ ಒಂದನೆಯದು, ಪಿ0302 ಎಂದರೆ ಎರಡನೆಯದು ಎಂದು ಅದೇ ಹೇಳುತ್ತದೆ. ಹಳೆಯ ಗಾಡಿಯ ಬಾನೆಟ್ಟನ್ನು ಕತ್ತಲಲ್ಲಿ ಎತ್ತಿ ನೋಡಿದರೆ ವಿದ್ಯುತ್ ಸೋರುವ ತಂತಿಯ ಮೇಲೆ ನೀಲಿ ಕಿಡಿ ಕಾಣಿಸುತ್ತದೆ. ದೂರದಿಂದ ನೋಡಿ, ಕೈ ಹಚ್ಚಬೇಡಿ.

ಒಣಗಿಸಿದರೂ ನಡುಕ ಹೋಗಲಿಲ್ಲವೆನ್ನಿ. ‘ಕಾಯಿಲ್ ಹೋಗಿದೆ, ಹೊಸದು ಹಾಕೋಣ’ ಎಂದು ಮಿಸ್ತ್ರಿ ಹೇಳಬಹುದು. ರೊಕ್ಕ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿಸಿ: ಸತ್ತ ಸಿಲಿಂಡರಿನ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ರೋಗ ಕಾಯಿಲಿನ ಜೊತೆ ಅಲ್ಲಿಗೆ ಹೋದರೆ ಕಾಯಿಲ್ ಕೆಟ್ಟಿದ್ದು ನಿಜ. ರೋಗ ಇದ್ದಲ್ಲೇ ಇದ್ದರೆ ಪ್ಲಗ್ಗನ್ನು, ತಂತಿಯನ್ನು ನೋಡಬೇಕು. ಈ ಐದು ನಿಮಿಷದ ಕೆಲಸದಿಂದ ಸಾವಿರಾರು ರೂಪಾಯಿ ಉಳಿದೀತು.

ಡೀಸೆಲ್ ಎಂಜಿನ್ನಿಗೆ ಕಿಡಿಯ ಪ್ಲಗ್ಗೇ ಇಲ್ಲ. ಅಲ್ಲಿ ಏರ್ ಫಿಲ್ಟರು ತೊಯ್ದಿದೆಯೇ, ಸೆನ್ಸರು ಮತ್ತು ಇಂಜೆಕ್ಟರುಗಳ ಜೋಡಣೆಯಲ್ಲಿ ನೀರಿದೆಯೇ ನೋಡಬೇಕು. ಇನ್ನು ಎಲ್ಲ ಗಾಡಿಗೂ ಅನ್ವಯಿಸುವ ಮಾತು: ನೀರಿನ ರಭಸಕ್ಕೆ ಯಾವುದಾದರೂ ರಬ್ಬರಿನ ಕೊಳವೆ ಕಳಚಿದ್ದರೂ ಎಂಜಿನ್ ತಡವರಿಸುತ್ತದೆ. ಆಗ ಎಷ್ಟು ಒಣಗಿಸಿದರೂ ಗುಣ ಕಾಣದು.

ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿದು, ಎಂಜಿನ್ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದು ಮಿನುಗತೊಡಗಿದರೆ ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲು ಸೈಲೆನ್ಸರಿನ ಮಾರ್ಗದಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಆ ದುಬಾರಿ ಭಾಗ ಹಾಳಾಗುತ್ತದೆ.

ಒಂದು ಎಚ್ಚರಿಕೆ. ತೊಳೆದ ಗಾಡಿಯೇ ಬೇರೆ, ಮುಳುಗಿದ ಗಾಡಿಯೇ ಬೇರೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿ ಶಿರೋಲಿಯ ಬಳಿ ಹೆದ್ದಾರಿಯೇ ಮುಚ್ಚಿದ್ದನ್ನು ನೀವು ಬಲ್ಲಿರಿ. ಹಾಗೆ ನೆರೆಯಲ್ಲಿ ನಿಂತ ಗಾಡಿಯ ಕೀಲಿಯನ್ನು ಮುಟ್ಟಲೇಬೇಡಿ, ಎಳೆಸಿಕೊಂಡು ಹೋಗಿ. ಮುಳುಗಿದ ಗಾಡಿಯನ್ನು ಚಾಲೂ ಮಾಡಿ ಎಂಜಿನ್ ಕೆಡಿಸಿಕೊಂಡರೆ ಸಾಮಾನ್ಯ ವಿಮೆಯಲ್ಲಿ ಆ ಪರಿಹಾರ ಸಿಗುವುದು ಕಷ್ಟ.

ಹಾಗಾದರೆ ಎಂಜಿನ್ ತೊಳೆಯಲೇಬಾರದೇ? ತೊಳೆಯಬಹುದು, ಆದರೆ ಬಿಸಿ ಆರಿದ ಮೇಲೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟೀತು. ಬ್ಯಾಟರಿಯ ಋಣ ತಂತಿ ಬಿಚ್ಚಿ. ಗಾಳಿಯ ಬಾಯಿ, ಆಲ್ಟರ್ನೇಟರ್, ಕಾಯಿಲ್, ಫ್ಯೂಜ್ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಪಂಪಿನ ರಭಸದ ನೀರು ಬೇಡ. ಒದ್ದೆ ಬಟ್ಟೆ, ಬ್ರಶ್ಶು ಸಾಕು. ಆಮೇಲೆ ಚೀಲ ಬಿಚ್ಚಿ, ಬಾನೆಟ್ ತೆರೆದಿಟ್ಟು ಬಿಸಿಲಿಗೆ ಬಿಡಿ. ಈ ಕೆಲಸವನ್ನು ಹಬ್ಬದ ಹಿಂದಿನ ಸಂಜೆಗೆ ಇಟ್ಟುಕೊಳ್ಳದೆ ಎರಡು ದಿನ ಮೊದಲೇ ಮುಗಿಸಿ. ಒಣಗಲು ಒಂದು ಹಗಲು, ದೋಷವಿದ್ದರೆ ಮಿಸ್ತ್ರಿಗೆ ತೋರಿಸಲು ಇನ್ನೊಂದು ಹಗಲು ಕೈಯಲ್ಲಿರುತ್ತದೆ.