ಉರಿಯೇ ಇಲ್ಲದ ಉರಿಮೂತ್ರ

ಮೂತ್ರನಾಳದ ಸೋಂಕು ಎಂದರೆ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು. ಇಷ್ಟು ಹೇಳಿದರೆ ವೈದ್ಯರಿಗೆ ಅರ್ಧ ರೋಗ ತಿಳಿದಂತೆ. ಆದರೆ ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಇವುಗಳಲ್ಲಿ ಒಂದೂ ಗೊತ್ತಾಗದಿರಬಹುದು. ಅವರಲ್ಲಿ ಸೋಂಕು ಬೇರೆಯೇ ಸುಳಿವು ಕೊಡುತ್ತದೆ. ಕಾಲುಗಳ ಸೆಳೆತ ಏಕಾಏಕಿ ಹೆಚ್ಚುತ್ತದೆ, ಕ್ಯಾತಿಟರ್ (ಮೂತ್ರ ಹೊರಹಾಕುವ ನಳಿಕೆ) ಪಕ್ಕದಿಂದ ಸೋರುತ್ತದೆ, ಮೂತ್ರ ಕದಡಿ ನಾರುತ್ತದೆ, ಮೈ ಭಾರವೆನಿಸುತ್ತದೆ. ಗಾಯವು ಬೆನ್ನೆಲುಬಿನ ಎದೆಭಾಗದ 6ನೇ ಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಬಿಪಿ ದಿಢೀರನೆ ಏರಿ ತಲೆ ಸಿಡಿಯಬಹುದು, ಮುಖ ಬೆವರಬಹುದು. ಅದು ಜೀವಕ್ಕೇ ಅಪಾಯ ತರುವ ತುರ್ತು ಸ್ಥಿತಿ.

ಹಾಗಾದರೆ ಮೂತ್ರ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ? ಇಲ್ಲ. ಬಹುಕಾಲ ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಸಿರುವುದು ಸಾಮಾನ್ಯ. ಲಕ್ಷಣವಿಲ್ಲದಿದ್ದರೆ ಅದಕ್ಕೆ ಆಂಟಿಬಯಾಟಿಕ್ ಬೇಡ ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಸುಮ್ಮನೆ ಕೊಡುತ್ತ ಹೋದರೆ ನಾಳೆ ನಿಜವಾದ ಸೋಂಕಿಗೆ ಔಷಧಿ ನಾಟದೆ ಹೋಗಬಹುದು. ಹೀಗಾಗಿ ತೀರ್ಮಾನದ ಭಾರವೆಲ್ಲ ಲಕ್ಷಣಗಳ ಮೇಲೆ, ಅಂದರೆ ರೋಗಿಯ ಮಾತಿನ ಮೇಲೆ ಬೀಳುತ್ತದೆ.

ಸಂಶೋಧನೆಯ ತೊಡಕೂ ಇಲ್ಲಿಯೇ. ಒಂದು ಅಧ್ಯಯನ ಕಲ್ಚರ್ ವರದಿಯನ್ನಷ್ಟೇ ಸೋಂಕೆಂದು ಎಣಿಸಿ, ಇನ್ನೊಂದು ಜ್ವರವನ್ನೂ ಕೇಳಿದರೆ ಎರಡರ ಲೆಕ್ಕ ತಾಳೆಯಾಗದು. ಅದಕ್ಕೆಂದೇ 2013ರಲ್ಲಿ ತಜ್ಞರು ಅಂತರರಾಷ್ಟ್ರೀಯ ದಾಖಲಾತಿ ನಮೂನೆಯೊಂದನ್ನು ಪ್ರಕಟಿಸಿದರು. ಜ್ವರ, ಸೋರಿಕೆ, ಸೆಳೆತ, ಸುಸ್ತು, ಮೂತ್ರದ ಬಣ್ಣ-ವಾಸನೆ, ನೋವು, ಬಿಪಿ ಏರಿಕೆ ಎಲ್ಲವನ್ನೂ ಅದರಲ್ಲಿ ಬೇರೆ ಬೇರೆಯಾಗಿ ಬರೆಯಬೇಕು. ಲಕ್ಷಣ ಎಷ್ಟು ದಿನದಿಂದ ಇದೆ, ಪರೀಕ್ಷೆ ಏನು ಹೇಳಿತು ಎಂಬುದೂ ಸೇರಬೇಕು.

ರೋಗಿಯ ಮಾತಿಗೆ ಇಷ್ಟು ಬೆಲೆ ಕೊಡುವ ವಿಚಾರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕೆ ಹೊಸದಲ್ಲ. 1960ರ ದಶಕದಲ್ಲಿ ಪೋಲಿಯೊಪೀಡಿತ ಎಡ್ ರಾಬರ್ಟ್ಸ್, ಕತ್ತಿನ ಬಳಿ ಬೆನ್ನುಹುರಿ ಗಾಯಗೊಂಡಿದ್ದ ಜಾನ್ ಹೆಸ್ಲರ್ ಬರ್ಕ್ಲಿ ವಿಶ್ವವಿದ್ಯಾಲಯದ ಕೋವೆಲ್ ಆಸ್ಪತ್ರೆಯಲ್ಲೇ ವಾಸವಿದ್ದು ಓದಿದರು. ತಮ್ಮ ದೇಹದ ಬಗ್ಗೆ ತಮಗೇ ಹೆಚ್ಚು ಗೊತ್ತು ಎಂದ ಆ ಬಳಗದಿಂದ 1972ರಲ್ಲಿ ಬರ್ಕ್ಲಿಯ ಸ್ವತಂತ್ರ ಜೀವನ ಕೇಂದ್ರ ಹುಟ್ಟಿತು. 1977ರ ಏಪ್ರಿಲ್‌ನಲ್ಲಿ ಅಂಗವಿಕಲರ ಹಕ್ಕಿಗಾಗಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಮೀರಿ ಧರಣಿ ಕೂತಾಗ, ಬೇಕಾದ ಕ್ಯಾತಿಟರ್, ಸಹಾಯಕರು ಸಿಗದೆಯೂ ಹಲವರು ಜಾಗ ಬಿಟ್ಟೇಳಲಿಲ್ಲ. ಇಂದು ಅದೇ ಪ್ರದೇಶದ ಸ್ಯಾನ್ ಹೋಸೆಯ ಸಾಂಟಾ ಕ್ಲಾರಾ ವ್ಯಾಲಿ ಮೆಡಿಕಲ್ ಸೆಂಟರ್ ಮತ್ತು ಪಾಲೊ ಆಲ್ಟೊದ ಮಾಜಿ ಸೈನಿಕರ ಆಸ್ಪತ್ರೆ ಬೆನ್ನುಹುರಿ ಗಾಯದ ಚಿಕಿತ್ಸೆಗೆ ಹೆಸರಾಗಿವೆ.

ನಮೂನೆಯಷ್ಟೇ ಮುಖ್ಯ ಅದನ್ನು ತುಂಬುವ ಬಗೆ. ಸೆಳೆತ ಮಲಬದ್ಧತೆಯಿಂದಲೂ ಹೆಚ್ಚುತ್ತದೆ, ನೀರು ಕಡಿಮೆಯಾದರೂ ಮೂತ್ರ ನಾರುತ್ತದೆ. ಆದ್ದರಿಂದ ಆರೋಗ್ಯವಾಗಿದ್ದ ದಿನಗಳ ಟಿಪ್ಪಣಿಯೂ ಬೇಕು; ಅದಿಲ್ಲದೆ ಯಾವುದು ಬದಲಾಯಿತೆಂದು ಅಳೆಯಲಾಗದು. ಲಕ್ಷಣಗಳನ್ನು ಔಷಧಿ ಶುರುಮಾಡುವ ಮೊದಲೇ ಬರೆದಿಡಬೇಕು. ದಿನಕ್ಕೆ ಹಲವು ಬಾರಿ ಕ್ಯಾತಿಟರ್ ಹಾಕಿ ತೆಗೆಯುವವರನ್ನೂ ಸದಾ ಹಾಕಿಕೊಂಡಿರುವವರನ್ನೂ ಒಂದೇ ಸಾಲಿಗೆ ಸೇರಿಸಬಾರದು.

ಬೆಂಗಳೂರಿನಲ್ಲಾಗಲಿ ಬೀದರಿನಲ್ಲಾಗಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದ ನಾಲ್ಕು ಸಾಲು, ಬೇಡದ ಒಂದು ಕೋರ್ಸ್ ಆಂಟಿಬಯಾಟಿಕ್ಕನ್ನು ತಪ್ಪಿಸಬಲ್ಲದು.